ಕನ್ನಡಿಯ ಮುಂದೆ ನಿಂತ ಹುಡುಗ: ಯಹೂದಿ ಮನೆಗಳು ಬಚ್ಚಿಟ್ಟ ಗುಟ್ಟು ಮಕ್ಕಳಿಗೆ ಗೊತ್ತಾಗಿದ್ದು ಹೇಗೆ?

ಪೋಲೆಂಡಿನ ಉತ್ತರ ಭಾಗದಲ್ಲಿ ಪಾಸ್ವೆಂಕ್ ಅಂತ ಒಂದು ಸಣ್ಣ ಊರು. ಎರಡನೇ ಮಹಾಯುದ್ಧ ಮುಗಿದು ಕೆಲವು ವರ್ಷ ಆಗಿತ್ತು. ರೋಮುವಾಲ್ಡ್ ಎಂಬ ಪುಟ್ಟ ಹುಡುಗನನ್ನು ನೋಡಿ ಕುಡಿದ ಇಬ್ಬರು ಬೀದಿಯಲ್ಲಿ ಹಂಗಿಸಿದರು. ಎಲ್ಲೋ ಸಿಕ್ಕಿದ ಯಹೂದಿ ಮಗು ಅಂತ ಅವರ ಮಾತಿನ ಅರ್ಥ. ಹುಡುಗನಿಗೆ ಅದು ಪೂರ್ತಿ ಅರ್ಥ ಆಗಲಿಲ್ಲ. ಮನೆಗೆ ಬಂದು ಅಮ್ಮನನ್ನು ಕೇಳಿದ. ಒಳ್ಳೆಯವರು ಅಂಥ ಮಾತು ಆಡುವುದಿಲ್ಲ ಅಂದರು ಅಮ್ಮ. ಮುಂದೆ ಏನೂ ಹೇಳಲಿಲ್ಲ.

ಆದರೆ ಆ ಮಾತು ಹುಡುಗನ ಮನಸ್ಸಿನಲ್ಲಿ ಕೂತುಬಿಟ್ಟಿತು. ಕನ್ನಡಿಯ ಮುಂದೆ ನಿಂತು ತನ್ನ ಮುಖದಲ್ಲಿ ಅಪ್ಪನ ಹೋಲಿಕೆ ಹುಡುಕುತ್ತಿದ್ದ. ಮೂಗು? ಕಣ್ಣು? ಕೂದಲು? ಯಾವುದೂ ಕೂಡಿಬರುತ್ತಿರಲಿಲ್ಲ. ತಾನು ಯಾರ ಮಗ ಅಂತ ಅವನಿಗೆ ತಿಳಿಯುವ ಹೊತ್ತಿಗೆ ಸುಮಾರು 35 ವರ್ಷ ಆಗಿತ್ತು. ಅಷ್ಟರಲ್ಲಿ ಅವನು ಕ್ಯಾಥೊಲಿಕ್ ಪಾದ್ರಿಯಾಗಿ ಹತ್ತು ವರ್ಷದ ಮೇಲಾಗಿತ್ತು.

ನಾನು ಇದನ್ನೆಲ್ಲ ಓದಲು ಶುರು ಮಾಡಿದ್ದು ಅಕ್ಕನ ಮಗಳಿಂದ. ಏಳನೇ ಕ್ಲಾಸಿನ ಹುಡುಗಿ. ನಾಜಿಗಳಿಂದ ಅಡಗಿಕೊಂಡು ದಿನಚರಿ ಬರೆದ ಯಹೂದಿ ಹುಡುಗಿ ಆನ್ ಫ್ರಾಂಕ್ ಬಗ್ಗೆ ಶಾಲೆಯಲ್ಲಿ ಕೇಳಿಸಿಕೊಂಡು ಬಂದಿದ್ದಳು. "ಮಾಮ, ಆನ್ ಸತ್ತುಹೋದಳು. ಆದ್ರೆ ಅಡಗಿಕೊಂಡು ಬದುಕಿ ಉಳಿದ ಮಕ್ಕಳೂ ಇದ್ರಲ್ವಾ? ಅವರೆಲ್ಲ ಆಮೇಲೆ ಮನೆಗೆ ಹೋದ್ರಾ?" ಅಂತ ಕೇಳಿದಳು. ಹೋಗಿರ್ತಾರೆ ಕಣೇ ಅಂದೆ. ಓದುತ್ತಾ ಹೋದ ಹಾಗೆ ನಾನು ಕೊಟ್ಟ ಉತ್ತರ ಸರಿ ಇಲ್ಲ ಅಂತ ಗೊತ್ತಾಯಿತು. ಎಷ್ಟೋ ಮಕ್ಕಳಿಗೆ ಹೋಗಲು ಮನೆಯೇ ಇರಲಿಲ್ಲ. ಇನ್ನೆಷ್ಟೋ ಮಕ್ಕಳಿಗೆ ತಮಗೆ ಬೇರೆ ಮನೆ ಇತ್ತು ಅನ್ನುವುದೇ ಗೊತ್ತಿರಲಿಲ್ಲ. ಅವಳಿಗೆ ಕೊಡಬೇಕಿದ್ದ ಉತ್ತರವನ್ನು ಇಲ್ಲಿ ಬುಡದಿಂದ ಬರೆಯುತ್ತಿದ್ದೇನೆ.

ಯಹೂದಿ ಅಂದರೆ ಯಾರು?

ಇಲ್ಲಿಂದಲೇ ಗೊಂದಲ ಶುರು. ಯಹೂದಿ ಅನ್ನುವುದು ಒಂದು ಧರ್ಮವೂ ಹೌದು, ಒಂದು ಜನಾಂಗದ ಹೆಸರೂ ಹೌದು. ಶನಿವಾರ ಕೆಲಸ ಬಿಟ್ಟು ಪ್ರಾರ್ಥನೆ ಮಾಡುವವರು ಯಹೂದಿ. ಪ್ರಾರ್ಥನಾ ಮಂದಿರದ ಕಡೆ ತಲೆಯನ್ನೂ ಹಾಕದವರು, ದೇವರನ್ನೇ ನಂಬದವರು, ಅವರೂ ಯಹೂದಿ ಆಗಿರಬಹುದು. ನಮ್ಮಲ್ಲಿ ದೇವಸ್ಥಾನಕ್ಕೆ ಹೋಗದಿದ್ದರೂ ಒಬ್ಬರು ತಮ್ಮ ಮನೆತನದವರಾಗಿಯೇ ಉಳಿಯುತ್ತಾರಲ್ಲ, ಸುಮಾರಾಗಿ ಹಾಗೆ.

ಯಹೂದಿ ಧರ್ಮಶಾಸ್ತ್ರದ ಪ್ರಕಾರ ತಾಯಿ ಯಹೂದಿ ಆಗಿದ್ದರೆ ಮಗುವೂ ಯಹೂದಿ. ತಂದೆ ಯಾರು, ಮಗು ಎಲ್ಲಿ ಬೆಳೆಯಿತು, ಯಾವ ಪ್ರಾರ್ಥನೆ ಕಲಿಯಿತು, ಇವು ಯಾವುವೂ ಲೆಕ್ಕಕ್ಕೆ ಬರುವುದಿಲ್ಲ. ಹೀಗಾಗಿ ತಾನು ಯಹೂದಿ ಅಂತ ಗೊತ್ತೇ ಇಲ್ಲದೆ ಒಬ್ಬರು ಇಡೀ ಜೀವನ ಕಳೆಯಲು ಸಾಧ್ಯ.

ಭಾರತದಲ್ಲೂ ಯಹೂದಿಗಳು ಶತಮಾನಗಳಿಂದ ಇದ್ದಾರೆ. ಕೊಚ್ಚಿಯ ಮಟ್ಟಾಂಚೇರಿಯಲ್ಲಿರುವ ಅವರ ಪ್ರಾರ್ಥನಾ ಮಂದಿರ ಕಟ್ಟಿದ್ದು 1568ರಲ್ಲಿ, ಅಲ್ಲಿನ ಅರಮನೆಯ ಮಗ್ಗುಲಲ್ಲೇ. ಊರಿನ ಎಲ್ಲರ ಕಣ್ಣಿಗೆ ಬೀಳುವ ಹಾಗೆ ಅವರು ಬಾಳಿದರು. ಯುರೋಪಿನ ಯಹೂದಿಗಳಿಗೆ ಹಾಗೆ ಬಾಳುವುದು ಯಾಕೆ ಆಗಲಿಲ್ಲ?

ಅಜ್ಜಿ ತಾತಂದಿರನ್ನು ಎಣಿಸಿದ ಕಾನೂನು

1933ರಲ್ಲಿ ಜರ್ಮನಿಯಲ್ಲಿ ಹಿಟ್ಲರನ ನಾಜಿ ಪಕ್ಷ ಅಧಿಕಾರಕ್ಕೆ ಬಂತು. ಯಹೂದಿಗಳೇ ದೇಶದ ಶತ್ರುಗಳು ಅನ್ನುವುದು ಅದರ ಪ್ರಚಾರ. ಆದರೆ ಶತ್ರು ಅಂದವರನ್ನು ಗುರುತಿಸುವುದು ಹೇಗೆ? ಜರ್ಮನಿಯ ಯಹೂದಿಗಳು ಜರ್ಮನ್ ಮಾತಾಡುತ್ತಿದ್ದರು. ಅಕ್ಕಪಕ್ಕದವರ ಹಾಗೇ ಬಟ್ಟೆ ಹಾಕುತ್ತಿದ್ದರು. ಎಷ್ಟೋ ಜನ ಕ್ರೈಸ್ತರಾಗಿ ಒಂದು ತಲೆಮಾರೇ ಕಳೆದಿತ್ತು.

ಅದಕ್ಕೆ 1935ರ ಸೆಪ್ಟೆಂಬರ್‌ನಲ್ಲಿ ನ್ಯೂರೆಂಬರ್ಗ್ ಕಾನೂನುಗಳು ಬಂದವು. ಅವುಗಳ ಲೆಕ್ಕ ಹೀಗಿತ್ತು. ಪ್ರತಿಯೊಬ್ಬರಿಗೂ ತಂದೆಯ ಕಡೆ ಇಬ್ಬರು, ತಾಯಿಯ ಕಡೆ ಇಬ್ಬರು, ಒಟ್ಟು ನಾಲ್ವರು ಅಜ್ಜಿ ತಾತಂದಿರು. ಅವರಲ್ಲಿ ಮೂವರೋ ನಾಲ್ವರೋ ಯಹೂದಿಗಳಾಗಿದ್ದರೆ ನೀವು ಯಹೂದಿ. ನೀವು ಚರ್ಚಿನಲ್ಲಿ ಹುಟ್ಟಿ ಬೆಳೆದಿದ್ದರೂ ಅಷ್ಟೇ. ಒಬ್ಬರೋ ಇಬ್ಬರೋ ಇದ್ದರೆ 'ಮಿಶ್ರ' ಅಂತ ಬೇರೆ ಪಟ್ಟಿ.

ಆಗ ಜನ ಕಾಗದಪತ್ರಕ್ಕಾಗಿ ಓಡಾಡಬೇಕಾಯಿತು. ಸರ್ಕಾರಿ ಕೆಲಸ ಬೇಕಾದವರು ತಮ್ಮ, ಅಪ್ಪ ಅಮ್ಮನ, ಅಜ್ಜಿ ತಾತಂದಿರ ಜನನ ಪತ್ರ ಅಥವಾ ಚರ್ಚಿನ ದೀಕ್ಷಾಸ್ನಾನದ ಪತ್ರ ತೋರಿಸಬೇಕಿತ್ತು. ದೀಕ್ಷಾಸ್ನಾನ ಅಂದರೆ ಮಗುವಿನ ತಲೆಗೆ ನೀರು ಹಾಕಿ ಕ್ರೈಸ್ತ ಧರ್ಮಕ್ಕೆ ಸೇರಿಸುವ ವಿಧಿ. ಅದನ್ನು ಪಾದ್ರಿ ಚರ್ಚಿನ ಪುಸ್ತಕದಲ್ಲಿ ಬರೆದಿಡುತ್ತಾರೆ. ಮುಂದೆ ಯುದ್ಧ ಶುರುವಾಗಿ ನಾಜಿಗಳು ಯುರೋಪಿನ ದೇಶಗಳನ್ನು ಒಂದೊಂದಾಗಿ ಹಿಡಿದಾಗ ಆ ಒಂದು ಹಾಳೆ ಒಂದು ಜೀವದಷ್ಟು ಬೆಲೆಬಾಳಿತು. ಅದಿದ್ದರೆ ಮಗು ಕ್ರೈಸ್ತ ಮಗು. ಇಲ್ಲದಿದ್ದರೆ ಬಟ್ಟೆಯ ಮೇಲೆ ಯಹೂದಿ ಅಂತ ಗುರುತಿಸುವ ಹಳದಿ ನಕ್ಷತ್ರ, ಆಮೇಲೆ ಶಿಬಿರಕ್ಕೆ ಒಯ್ಯುವ ರೈಲು, ಆಮೇಲೆ ಸಾವು. 1941ರ ಸೆಪ್ಟೆಂಬರ್‌ನಿಂದ ಜರ್ಮನಿಯಲ್ಲಿ 6 ವರ್ಷ ತುಂಬಿದ ಯಹೂದಿ ಮಕ್ಕಳೂ ಆ ನಕ್ಷತ್ರ ಹೊಲಿಸಿಕೊಳ್ಳಬೇಕಿತ್ತು.

ಯುದ್ಧ ಮುಗಿಯುವಷ್ಟರಲ್ಲಿ ಕೊಲೆಯಾದ ಯಹೂದಿಗಳು ಸುಮಾರು 60 ಲಕ್ಷ. ಅವರಲ್ಲಿ ಮಕ್ಕಳೇ ಸುಮಾರು 15 ಲಕ್ಷ. ಹಾಲೋಕಾಸ್ಟ್ ಅನ್ನುವುದು ಈ ನರಮೇಧಕ್ಕೆ.

ಮಗುವನ್ನು ಬಚ್ಚಿಡುವುದು ಅಂದರೆ ಏನು?

ಆನ್ ಫ್ರಾಂಕ್ ಅಡಗಿದ್ದು ಪುಸ್ತಕದ ಕಪಾಟಿನ ಹಿಂದಿನ ಕೋಣೆಗಳಲ್ಲಿ. ಹಾಗೆ ಅಟ್ಟದಲ್ಲೋ ನೆಲಮಾಳಿಗೆಯಲ್ಲೋ ಅಡಗಿದ ಮಕ್ಕಳು ಇದ್ದರು. ಆದರೆ ಇನ್ನೊಂದು ಬಗೆಯ ಅಡಗುವಿಕೆ ಇತ್ತು. ಮಗು ಎಲ್ಲರ ಎದುರೇ ಓಡಾಡುತ್ತದೆ, ಶಾಲೆಗೆ ಹೋಗುತ್ತದೆ, ಚರ್ಚಿನಲ್ಲಿ ಮೊಣಕಾಲೂರುತ್ತದೆ. ಅಡಗಿರುವುದು ಅದರ ಹೆಸರು.

ಒಬ್ಬ ತಾಯಿ ತನ್ನ ಐದು ವರ್ಷದ ಮಗಳನ್ನು ಹಳ್ಳಿಯ ಒಬ್ಬ ಹೆಂಗಸಿನ ಕೈಗೆ ಕೊಡುತ್ತಿದ್ದಾಳೆ ಅಂದುಕೊಳ್ಳಿ. ಕೊಡುವ ಮೊದಲು ಮಗುವಿಗೆ ಏನೇನು ಕಲಿಸಬೇಕು? ಹೊಸ ಹೆಸರು. ಯಾರಾದರೂ ಹಿಂದಿನಿಂದ ಹಳೆಯ ಹೆಸರು ಕೂಗಿದರೆ ತಿರುಗಿ ನೋಡಬಾರದು. ಮನೆಯಲ್ಲಿ ಆಡುತ್ತಿದ್ದ ಯಿಡ್ಡಿಷ್ ಭಾಷೆ ನಾಲಿಗೆಗೆ ಬರಬಾರದು, ನಿದ್ದೆಯಲ್ಲೂ ಬರಬಾರದು. ಶಿಲುಬೆಯ ಗುರುತು ಹಾಕುವಾಗ ಕೈ ಮೊದಲು ಹಣೆಗೆ, ಆಮೇಲೆ ಎದೆಗೆ, ಆಮೇಲೆ ಎಡ ಭುಜಕ್ಕೆ, ಕೊನೆಗೆ ಬಲ ಭುಜಕ್ಕೆ ಹೋಗಬೇಕು. ತಪ್ಪಬಾರದು. ಕ್ಯಾಥೊಲಿಕ್ ಪ್ರಾರ್ಥನೆ ಮಧ್ಯರಾತ್ರಿ ಎಬ್ಬಿಸಿ ಕೇಳಿದರೂ ತಡವರಿಸದೆ ಬರಬೇಕು. ಅಮ್ಮ ಎಲ್ಲಿ ಅಂದರೆ ಸತ್ತುಹೋದಳು ಅನ್ನಬೇಕು. ಇದನ್ನು ಸ್ವತಃ ಅಮ್ಮನೇ ಕಲಿಸಬೇಕು.

ಗಂಡುಮಕ್ಕಳಿಗೆ ಇನ್ನೂ ಕಷ್ಟ. ಯಹೂದಿ ಗಂಡುಮಗುವಿಗೆ ಹುಟ್ಟಿದ ಎಂಟನೇ ದಿನ ಸುನ್ನತಿ ಮಾಡುತ್ತಾರೆ. ಪೋಲೆಂಡಿನ ಕ್ರೈಸ್ತರಲ್ಲಿ ಆ ಪದ್ಧತಿ ಇಲ್ಲ. ಎಷ್ಟು ಚೆನ್ನಾಗಿ ಪಾಠ ಒಪ್ಪಿಸಿದರೂ ಚಡ್ಡಿ ಬಿಚ್ಚಿಸಿ ನೋಡಿದರೆ ಮುಗಿಯಿತು. ಹೆಣ್ಣುಮಕ್ಕಳನ್ನು ಅಡಗಿಸುವುದು ಸ್ವಲ್ಪ ಸುಲಭ ಆಗಿದ್ದು ಇದರಿಂದ.

ಇಟ್ಟುಕೊಂಡವರಿಗೂ ಅಪಾಯ ಕಡಿಮೆ ಇರಲಿಲ್ಲ. ಜರ್ಮನ್ನರ ಹಿಡಿತದಲ್ಲಿದ್ದ ಪೋಲೆಂಡಿನಲ್ಲಿ ಯಹೂದಿಗಳಿಗೆ ಆಶ್ರಯ ಕೊಟ್ಟರೆ ಮರಣದಂಡನೆ ಅಂತ 1941ರ ಅಕ್ಟೋಬರ್‌ನಲ್ಲಿ ಆಜ್ಞೆ ಬಂತು. ಇದರ ಜೊತೆಗೆ ಷ್ಮಾಲ್ಟ್ಸೋವ್ನಿಕ್‌ಗಳ ಕಾಟ. ಅಡಗಿರುವ ಯಹೂದಿಗಳನ್ನು ಪತ್ತೆ ಮಾಡಿ, ಹಿಡಿದುಕೊಡುತ್ತೇನೆ ಅಂತ ಹೆದರಿಸಿ ದುಡ್ಡು ಕೀಳುತ್ತಿದ್ದವರನ್ನು ಪೋಲೆಂಡಿನಲ್ಲಿ ಹಾಗೆ ಕರೆಯುತ್ತಿದ್ದರು. ಅಂದರೆ ಗುಟ್ಟನ್ನು ಪಕ್ಕದ ಮನೆಯವರಿಂದಲೂ ಕಾಯಬೇಕಿತ್ತು.

ಇಲ್ಲಿ ಮಗುವಿನ ಮನಸ್ಸಿನಲ್ಲಿ ಏನಾಗುತ್ತದೆ ಅನ್ನುವುದನ್ನು ಸ್ವಲ್ಪ ನಿಂತು ನೋಡಬೇಕು. ದೊಡ್ಡವರಿಗೆ ತಾವು ನಾಟಕ ಆಡುತ್ತಿದ್ದೇವೆ ಅಂತ ಗೊತ್ತಿರುತ್ತದೆ. ನಾಲ್ಕು ವರ್ಷದ ಮಗುವಿಗೆ ನಾಟಕಕ್ಕೂ ಬದುಕಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಹೊಸ ಹೆಸರಲ್ಲಿ ಎರಡು ವರ್ಷ ಕಳೆದರೆ ಅದೇ ಅದರ ಹೆಸರು. ಊಟ ಹಾಕಿ, ಜ್ವರ ಬಂದಾಗ ಪಕ್ಕದಲ್ಲಿ ಕೂತವಳೇ ಅಮ್ಮ. ಯುದ್ಧ ಮುಗಿದು ನಿಜವಾದ ಅಮ್ಮ ಬದುಕಿ ಬಂದಾಗ, ಸೊರಗಿ ಸಣ್ಣಗಾಗಿದ್ದ ಆ ಹೆಂಗಸನ್ನು ಕಂಡು ಹೆದರಿ ಸಾಕಿದವಳ ಸೆರಗಿನ ಹಿಂದೆ ಅವಿತ ಮಕ್ಕಳೂ ಇದ್ದರು.

ಬಾಟಲಿಯಲ್ಲಿ ಹೆಸರು, ನೋಟುಪುಸ್ತಕದಲ್ಲಿ ವಿಳಾಸ

ಮಗು ಹಳೆಯ ಹೆಸರನ್ನು ಮರೆಯಬೇಕು. ಆದರೆ ಬೇರೆ ಯಾರಾದರೂ ಅದನ್ನು ನೆನಪಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ಯುದ್ಧದ ನಂತರ ಯಾವ ಮಗು ಯಾರದ್ದು ಅಂತ ಹೇಳುವುದು ಹೇಗೆ?

ವಾರ್ಸಾದಲ್ಲಿ ಇರೆನಾ ಸೆಂಡ್ಲೆರ್ ಎಂಬ ಸಮಾಜಸೇವಾ ಇಲಾಖೆಯ ಉದ್ಯೋಗಿ ಮತ್ತು ಅವರ ಜೊತೆಗಾರ್ತಿಯರು ಯಹೂದಿಗಳನ್ನು ಕೂಡಿಹಾಕಿದ್ದ ಗೆಟ್ಟೋದಿಂದ ಮಕ್ಕಳನ್ನು ಹೊರಗೆ ಸಾಗಿಸಿದರು. ಅವರ ಕೆಲಸದಿಂದ ಉಳಿದ ಮಕ್ಕಳು ಸುಮಾರು 2,500 ಅಂತ ಹೇಳಲಾಗುತ್ತದೆ. ತೆಳ್ಳನೆಯ ಕಾಗದದ ಚೂರುಗಳಲ್ಲಿ ಮಗುವಿನ ನಿಜ ಹೆಸರು, ಹೊಸ ಹೆಸರು, ಇರುವ ಜಾಗ ಬರೆದು ಗಾಜಿನ ಬಾಟಲಿಗೆ ಹಾಕಿ, ಗೆಳತಿಯ ಮನೆಯ ಸೇಬಿನ ಮರದ ಬುಡದಲ್ಲಿ ಹೂತಿಟ್ಟರು. ಯುದ್ಧ ಮುಗಿದ ಮೇಲೆ ಆ ಪಟ್ಟಿ ಯಹೂದಿ ಸಮಿತಿಗೆ ಸಿಕ್ಕಿತು. ಆದರೆ ಆ ಮಕ್ಕಳಲ್ಲಿ ಹೆಚ್ಚಿನವರ ತಂದೆ ತಾಯಿ ನಾಜಿಗಳ ಟ್ರೆಬ್ಲಿಂಕಾ ಕೊಲೆ ಶಿಬಿರದಲ್ಲಿ ಸತ್ತಿದ್ದರು.

ಬೆಲ್ಜಿಯಂನಲ್ಲಿ ಆಂಡ್ರೆ ಗ್ಯೂಲೆನ್ ಎಂಬ ಯುವ ಶಿಕ್ಷಕಿ ಕೆಲಸ ಮಾಡಿದ ಗುಂಪು ಇನ್ನೊಂದು ದಾರಿ ಹುಡುಕಿತು. ಎಲ್ಲವನ್ನೂ ಒಂದೇ ಕಡೆ ಬರೆಯಲಿಲ್ಲ. ಒಂದು ನೋಟುಪುಸ್ತಕದಲ್ಲಿ ನಿಜ ಹೆಸರು, ಇನ್ನೊಂದರಲ್ಲಿ ಸುಳ್ಳು ಹೆಸರು, ಮತ್ತೊಂದರಲ್ಲಿ ವಿಳಾಸ. ಒಂದಕ್ಕೊಂದು ಕೊಂಡಿ ಹಾಕುವುದು ಸಂಕೇತದ ಸಂಖ್ಯೆ ಮಾತ್ರ. ಒಂದು ಪುಸ್ತಕ ಪೊಲೀಸರ ಕೈಗೆ ಬಿದ್ದರೂ ಅದರಿಂದ ಏನೂ ತಿಳಿಯದು. ಬ್ಯಾಂಕ್ ಲಾಕರಿಗೆ ಎರಡು ಕೀಲಿ ಇರುತ್ತದಲ್ಲ, ಒಂದು ನಮ್ಮದು, ಒಂದು ಬ್ಯಾಂಕಿನದು, ಎರಡೂ ಸೇರದೆ ಬಾಗಿಲು ತೆಗೆಯುವುದಿಲ್ಲ. ಅದೇ ಉಪಾಯ.

ಹೀಗೆ ಬರೆದಿಟ್ಟವರು ಇಲ್ಲದ ಕಡೆ ಮಗುವಿನ ಮೂಲ ಒಬ್ಬಿಬ್ಬರ ತಲೆಯಲ್ಲಿ ಮಾತ್ರ ಉಳಿಯಿತು. ಅವರೂ ಬಾಯಿ ಬಿಡದಿದ್ದರೆ ಅಲ್ಲಿಗೆ ಮುಗಿಯಿತು.

ಯುದ್ಧ ಮುಗಿದರೂ ಗುಟ್ಟು ಯಾಕೆ ಮುಗಿಯಲಿಲ್ಲ?

ಅಕ್ಕನ ಮಗಳು ಕೇಳಿದ್ದಕ್ಕೆ ಉತ್ತರ ಇರುವುದು ಇಲ್ಲೇ. ಹಿಟ್ಲರ್ ಸೋತ ಮೇಲೆ ಹೆದರಿಕೆ ಹೋಗಬೇಕಿತ್ತು ಅಲ್ವಾ? ಹೋಗಲಿಲ್ಲ.

ಪೋಲೆಂಡಿನ ಕೀಲ್ಟ್ಸೆ ಪಟ್ಟಣದಲ್ಲಿ 1946ರ ಜುಲೈ ಮೊದಲ ವಾರ ಎಂಟು ವರ್ಷದ ಒಬ್ಬ ಹುಡುಗ ಮನೆಯಿಂದ ಕಾಣೆಯಾಗಿ ಎರಡು ದಿನಕ್ಕೆ ವಾಪಸ್ ಬಂದ. ಹಳ್ಳಿಗೆ ಹೋಗಿದ್ದವನು, ಯಹೂದಿಗಳು ನನ್ನನ್ನು ನೆಲಮಾಳಿಗೆಯಲ್ಲಿ ಕೂಡಿಹಾಕಿದ್ದರು ಅಂದುಬಿಟ್ಟ. ಅವನು ತೋರಿಸಿದ ಕಟ್ಟಡಕ್ಕೆ ನೆಲಮಾಳಿಗೆಯೇ ಇರಲಿಲ್ಲ. ಅಷ್ಟರಲ್ಲಿ ಗುಂಪು ಸೇರಿತ್ತು. ಜುಲೈ 4ರಂದು 42 ಯಹೂದಿಗಳ ಕೊಲೆಯಾಯಿತು. ನಾಜಿಗಳ ಶಿಬಿರಗಳಿಂದ ಬದುಕಿ ಬಂದವರೂ ಅವರಲ್ಲಿದ್ದರು. ಈ ಸುದ್ದಿ ಹಬ್ಬಿದ್ದೇ ಸಾವಿರಾರು ಯಹೂದಿಗಳು ದೇಶ ಬಿಟ್ಟರು. ಉಳಿದವರಲ್ಲಿ ಎಷ್ಟೋ ಜನ ಯುದ್ಧದಲ್ಲಿ ಇಟ್ಟುಕೊಂಡ ಪೋಲಿಷ್ ಹೆಸರನ್ನೇ ಮುಂದುವರಿಸಿದರು. 1968ರಲ್ಲಿ ಕಮ್ಯುನಿಸ್ಟ್ ಸರ್ಕಾರವೇ ಯಹೂದಿಗಳ ವಿರುದ್ಧ ಅಭಿಯಾನ ನಡೆಸಿತು. ಜನ ಕೆಲಸ ಕಳೆದುಕೊಂಡರು. ಸುಮಾರು 13,000 ಮಂದಿ ಪೌರತ್ವ ಬಿಟ್ಟು ಹೊರಟುಹೋದರು. ಮಕ್ಕಳಿಗೆ ಹೇಳೋಣ ಅಂದುಕೊಂಡಿದ್ದವರೂ ಮತ್ತೆ ಬಾಯಿಗೆ ಬೀಗ ಹಾಕಿಕೊಂಡರು.

ಭಯ ಒಂದೇ ಕಾರಣ ಆಗಿರಲಿಲ್ಲ. ಕೆಲವರಿಗೆ ಆಡಲು ಆಗದಷ್ಟು ನೋವು. ಕೆಲವರಿಗೆ ಎಲ್ಲರೂ ಸತ್ತು ತಾನೊಬ್ಬ ಉಳಿದೆ ಅನ್ನುವ ಸಂಕಟ. ಸಾಕಿದವರಿಗೆ ಮಗು ಕೈತಪ್ಪಿ ಹೋದೀತು ಅನ್ನುವ ಅಳುಕು. ಫ್ರಾನ್ಸಿನಲ್ಲಿ ಫಿನಾಲಿ ಅಣ್ಣತಮ್ಮಂದಿರ ವಿಷಯದಲ್ಲಿ ಇದು ದೇಶವೇ ಮಾತಾಡುವ ಪ್ರಕರಣವಾಯಿತು. ತಂದೆ ತಾಯಿ ಆಶ್ವಿಟ್ಸ್ ಶಿಬಿರಕ್ಕೆ ಹೋದವರು ಹಿಂದಿರುಗಲಿಲ್ಲ. ಮಕ್ಕಳನ್ನು ಕಾಪಾಡಿದ ಮಹಿಳೆ 1948ರಲ್ಲಿ ಅವರಿಗೆ ದೀಕ್ಷಾಸ್ನಾನ ಮಾಡಿಸಿ, ಅತ್ತೆಯ ಮನೆಗೆ ಕಳಿಸಲು ಒಪ್ಪಲಿಲ್ಲ. ಗುಟ್ಟಾಗಿ ಸ್ಪೇನಿಗೆ ಸಾಗಿಸಿದ ಆ ಮಕ್ಕಳು 1953ರಲ್ಲಷ್ಟೇ ಬಂಧುಗಳ ಕೈಸೇರಿದರು. ಕಾಪಾಡಿದವರನ್ನು ಕೆಟ್ಟವರು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಆ ಅತ್ತೆ ವರ್ಷಗಟ್ಟಲೆ ಬರೆದ ಪತ್ರಗಳು, ಹತ್ತಿದ ಕೋರ್ಟುಗಳನ್ನು ನೆನೆದರೆ ಹೊಟ್ಟೆ ಚುರ್ ಅನ್ನುತ್ತದೆ.

ಮಗು ಏನನ್ನು ಗಮನಿಸುತ್ತದೆ?

ಗುಟ್ಟು ಇರುವ ಮನೆಯಲ್ಲಿ ಬೆಳೆಯುವ ಮಗುವಿಗೆ ಗುಟ್ಟು ಏನು ಅಂತ ಗೊತ್ತಿರುವುದಿಲ್ಲ. ಆದರೆ ಏನೋ ಇದೆ ಅಂತ ಗೊತ್ತಿರುತ್ತದೆ.

ಪೋಲೆಂಡಿನಲ್ಲಿ ನವೆಂಬರ್ 1 ದೊಡ್ಡ ದಿನ. ಊರಿಗೆ ಊರೇ ಸ್ಮಶಾನಕ್ಕೆ ಹೋಗುತ್ತದೆ. ಅಜ್ಜಿ ತಾತನ ಸಮಾಧಿ ಒರೆಸಿ, ಹೂವಿಟ್ಟು, ಮೇಣದ ದೀಪ ಹಚ್ಚುತ್ತಾರೆ. ಸಂಜೆ ಇಡೀ ಸ್ಮಶಾನ ಮಿಣಿಮಿಣಿ ಬೆಳಕಲ್ಲಿ ತುಂಬಿರುತ್ತದೆ. ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ಎಡೆ ಇಟ್ಟು ಹಿರಿಯರನ್ನು ನೆನೆಯುತ್ತೇವಲ್ಲ, ಆ ಭಾವ. ಈಗ ಒಂದು ಮಗುವನ್ನು ಊಹಿಸಿಕೊಳ್ಳಿ. ಕ್ಲಾಸಿನವರೆಲ್ಲ ತಮ್ಮ ತಮ್ಮ ಸಮಾಧಿಗಳಿಗೆ ಹೋಗಿದ್ದಾರೆ. ತನ್ನ ಮನೆಗೆ ಹೋಗಲು ಒಂದು ಸಮಾಧಿಯೂ ಇಲ್ಲ. ನಮ್ಮ ಅಜ್ಜಿ ಎಲ್ಲಿದ್ದಾಳೆ ಅಂದರೆ ಯುದ್ಧದಲ್ಲಿ ಸತ್ತಳು ಅನ್ನುತ್ತಾರೆ. ಎಲ್ಲಿ ಅಂದರೆ ಮಾತು ಬದಲಿಸುತ್ತಾರೆ.

ಇಂಥ ಸುಳಿವುಗಳು ಇನ್ನೂ ಇವೆ. 1945ಕ್ಕಿಂತ ಹಿಂದಿನ ಒಂದು ಫೋಟೊ ಕೂಡ ಮನೆಯಲ್ಲಿ ಇಲ್ಲ. ಚಿಕ್ಕಪ್ಪ, ಸೋದರತ್ತೆ, ಮಾವನ ಮಕ್ಕಳು ಅಂತ ಯಾರೂ ಇಲ್ಲ. ಮಗು ಮಲಗಿದ ಮೇಲೆ ಅಪ್ಪ ಅಮ್ಮ ಬೇರೆ ಯಾವುದೋ ಭಾಷೆಯಲ್ಲಿ ಪಿಸುಗುಟ್ಟುತ್ತಾರೆ. ಹೊತ್ತಲ್ಲದ ಹೊತ್ತಲ್ಲಿ ಬಾಗಿಲು ಬಡಿದರೆ ಅಪ್ಪ ಕಲ್ಲಾಗಿ ನಿಲ್ಲುತ್ತಾರೆ. ಒಂದೊಂದೂ ಸಣ್ಣದು. ಮಕ್ಕಳು ಇವನ್ನು ಕೂಡಿಸಿ ಲೆಕ್ಕ ಬಿಡಿಸಲಾರರು, ಮರೆಯಲೂ ಆರರು.

ಹೀಗೆ ಮನೆಯೊಳಗೆ ಗುಟ್ಟು ಕಾಯುವುದು 1940ರ ದಶಕದಲ್ಲಿ ಹುಟ್ಟಿದ ಪದ್ಧತಿ ಕೂಡ ಅಲ್ಲ. ಪೋರ್ಚುಗಲ್‌ನಲ್ಲಿ 1497ರಲ್ಲಿ ರಾಜನೇ ಯಹೂದಿಗಳನ್ನು ಬಲವಂತವಾಗಿ ಕ್ರೈಸ್ತರನ್ನಾಗಿ ಮಾಡಿದ. ಶುರು ಮಾಡಿದ್ದು 14 ವರ್ಷದೊಳಗಿನ ಮಕ್ಕಳನ್ನು ಮನೆಯಿಂದ ಎಳೆದೊಯ್ಯುವುದರಿಂದ. 1536ರಲ್ಲಿ ಅಲ್ಲಿ ಧರ್ಮವಿಚಾರಣೆಯ ನ್ಯಾಯಾಲಯ ಬಂತು. ಹೊರಗೆ ಕ್ರೈಸ್ತರಾಗಿ ಒಳಗೆ ಹಳೆಯ ಆಚರಣೆ ಇಟ್ಟುಕೊಂಡವರನ್ನು ಹಿಡಿಯುವುದೇ ಅದರ ಕೆಲಸ. ಬೆಲ್ಮೊಂಟೆ ಎಂಬ ಗುಡ್ಡಗಾಡಿನ ಊರಿನ ಕುಟುಂಬಗಳು ಯಹೂದಿಗಳು ಶುಕ್ರವಾರ ಸಂಜೆ ಹಚ್ಚುವ ದೀಪವನ್ನು ಹೊರಗೆ ಕಾಣದ ಹಾಗೆ ಮರೆಮಾಡಿ ಹಚ್ಚುತ್ತಾ ನಾಲ್ಕು ಶತಮಾನ ಕಳೆದವು. 1917ರಲ್ಲಿ ಸಾಮುಯೆಲ್ ಶ್ವಾರ್ಟ್ಸ್ ಎಂಬ ಪೋಲಿಷ್ ಯಹೂದಿ ಎಂಜಿನಿಯರ್ ಅಲ್ಲಿಗೆ ಹೋದ ಮೇಲೆ ಅವರ ವಿಷಯ ಹೊರಜಗತ್ತಿಗೆ ತಿಳಿಯಿತು. ಇಂಥ ಮನೆಗಳಲ್ಲಿ ತೀರಾ ಚಿಕ್ಕ ಮಕ್ಕಳಿಗೆ ಏನೂ ಹೇಳುತ್ತಿರಲಿಲ್ಲ. ಬಾಯಿ ತಪ್ಪಿ ಆಡಿಬಿಟ್ಟಾರು ಅಂತ. ಸ್ವಲ್ಪ ತಿಳಿವಳಿಕೆ ಬಂದ ಮೇಲೆಯೇ ಗುಟ್ಟು ಒಪ್ಪಿಸುತ್ತಿದ್ದರು.

ಆ ನ್ಯಾಯಾಲಯ 1560ರಲ್ಲಿ ನಮ್ಮ ಪಕ್ಕದ ಗೋವಾಕ್ಕೂ ಬಂತು. ಭಾರತದ ಔಷಧಿ ಗಿಡಗಳ ಬಗ್ಗೆ 1563ರಲ್ಲಿ ಗೋವಾದಲ್ಲೇ ಪುಸ್ತಕ ಅಚ್ಚು ಹಾಕಿಸಿದ ವೈದ್ಯ ಗಾರ್ಸಿಯಾ ದ ಓರ್ತಾ ಅಂಥ ಕುಟುಂಬದವರೇ. 1568ರಲ್ಲಿ ಅವರು ತೀರಿಕೊಂಡ ಮರುವರ್ಷ ಅವರ ಸೋದರಿ ಕಟರೀನಾರನ್ನು ಸುಟ್ಟು ಕೊಂದರು. 1580ರಲ್ಲಿ ಓರ್ತಾರ ಮೂಳೆಗಳನ್ನೂ ಸಮಾಧಿಯಿಂದ ತೆಗೆದು ಸುಟ್ಟರು.

ರೋಮುವಾಲ್ಡ್‌ಗೆ ತಿಳಿದ ದಿನ

ಕನ್ನಡಿಯ ಮುಂದಿನ ಹುಡುಗನ ಕತೆಗೆ ಬರೋಣ. ಪೂರ್ತಿ ಹೆಸರು ರೋಮುವಾಲ್ಡ್ ವಾಶ್ಕಿನೆಲ್. ಸಾಕಿದ ತಂದೆ ಪಿಯೋತ್ರ್, ತಾಯಿ ಎಮಿಲಿಯಾ. ಹುಡುಗ ಬೆಳೆದು ಪಾದ್ರಿಯಾಗಲು ಹೊರಟಾಗ ತಂದೆಗೆ ಅದು ಇಷ್ಟ ಇರಲಿಲ್ಲ. ಯಾಕೆ ಅಂತ ಮಗನಿಗೆ ಅರ್ಥ ಆಗಲಿಲ್ಲ. 1966ರಲ್ಲಿ ಪಾದ್ರಿಯಾದ. ಮುಂದೆ ಲುಬ್ಲಿನ್‌ನ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಕಲಿಸಿದರು. ತಾಯಿಯನ್ನು ಜೊತೆಗೆ ಕರೆತಂದರು. ಯಹೂದಿಗಳ ಮಾತು ಬಂದಾಗಲೆಲ್ಲ ತಾಯಿಯ ಕಣ್ಣು ತುಂಬುವುದನ್ನು ಅವರು ನೋಡುತ್ತಿದ್ದರು.

1978ರ ಫೆಬ್ರವರಿಯಲ್ಲಿ ಎಮಿಲಿಯಾ ಕೊನೆಗೂ ಹೇಳಿದರು. ವಿಲ್ನಿಯಸ್ ಹತ್ತಿರದ ಶ್ವೆಂಚಾನಿ ಎಂಬ ಪಟ್ಟಣ. ಅಲ್ಲಿನ ಗೆಟ್ಟೋದಲ್ಲಿ 1943ರಲ್ಲಿ ಹುಟ್ಟಿದ ಮಗು. ನೀವು ನಂಬುವ ಯೇಸು ಯಹೂದಿ ಅಲ್ಲವೇ, ಆತನ ಹೆಸರಲ್ಲಿ ಈ ಯಹೂದಿ ಮಗುವನ್ನು ಉಳಿಸಿ, ದೊಡ್ಡವನಾಗಿ ಇವನು ಪಾದ್ರಿಯಾಗುತ್ತಾನೆ ಅಂತ ಹೆತ್ತ ತಾಯಿ ಎಮಿಲಿಯಾರನ್ನು ಬೇಡಿಕೊಂಡಿದ್ದಳಂತೆ. ಅಂಗಲಾಚಿ ಆಡಿದ ಆ ಮಾತು ನಿಜವಾಗಿಬಿಟ್ಟಿತ್ತು. ಹೆತ್ತವರ ಹೆಸರು ಮಾತ್ರ ಎಮಿಲಿಯಾಗೆ ಗೊತ್ತಿರಲಿಲ್ಲ. ಅಪ್ಪ ಒಳ್ಳೆಯ ದರ್ಜಿ, ದೊಡ್ಡ ಮಗನ ಹೆಸರು ಸಾಮುಯೆಲ್. ಉಳಿದ ನೆನಪು ಇಷ್ಟೇ.

ಈ ಎರಡು ಎಳೆ ಸಾಕಾದವು. 1992ರಲ್ಲಿ ಇಸ್ರೇಲಿಗೆ ಹೊರಟಿದ್ದ ಒಬ್ಬ ಕನ್ಯಾಸ್ತ್ರೀ ಅಲ್ಲಿದ್ದ ಶ್ವೆಂಚಾನಿಯವರನ್ನು ಕೇಳಿದರು. ದರ್ಜಿ, ಸಾಮುಯೆಲ್ ಎಂಬ ಮಗ. ಹಾಗಾದರೆ ಯಾಕೋಬ್ ವೆಕ್ಸ್ಲರ್ ಇರಬೇಕು ಅಂದರು ಊರವರು. ತಾಯಿ ಬಾತ್ಯಾ. ಮೂವರೂ ಯುದ್ಧದಲ್ಲಿ ಸತ್ತಿದ್ದರು. ತಂದೆಯ ಸೋದರ ಇಸ್ರೇಲಿನಲ್ಲಿ ಬದುಕಿದ್ದರು. ತಾಯಿಯ ಫೋಟೊ ಸಿಕ್ಕಿತು. ಕನ್ನಡಿಯಲ್ಲಿ ಸಿಗದ ಹೋಲಿಕೆ ಅದರಲ್ಲಿತ್ತು.

ಆಮೇಲೆ ಅವರು ತಂದೆಯ ಹೆಸರುಗಳನ್ನು ತಮ್ಮ ಹೆಸರಿಗೆ ಸೇರಿಸಿಕೊಂಡರು: ರೋಮುವಾಲ್ಡ್ ಯಾಕುಬ್ ವೆಕ್ಸ್ಲರ್ ವಾಶ್ಕಿನೆಲ್. ಸಾಕಿದ ಮನೆಯ ಹೆಸರು ಬಿಡಲಿಲ್ಲ. 2009ರಲ್ಲಿ ಇಸ್ರೇಲಿಗೆ ಹೋದರು. ಅಲ್ಲಿ ಇನ್ನೊಂದು ತೊಡಕು. ಯಹೂದಿಗಳಿಗೆ ಪೌರತ್ವ ಕೊಡುವ ಇಸ್ರೇಲಿನ ಕಾನೂನು ಬೇರೆ ಧರ್ಮಕ್ಕೆ ಸೇರಿದವರನ್ನು ಹೊರಗಿಡುತ್ತದೆ. ತಾಯಿಯ ಲೆಕ್ಕದಲ್ಲಿ ಅವರು ಯಹೂದಿ, ಉಡುಪಿನ ಲೆಕ್ಕದಲ್ಲಿ ಕ್ಯಾಥೊಲಿಕ್ ಪಾದ್ರಿ.

ಈಗ ಹುಡುಕುವುದು ಹೇಗೆ?

1989ರಲ್ಲಿ ಪೋಲೆಂಡಿನ ಕಮ್ಯುನಿಸ್ಟ್ ಆಡಳಿತ ಮುಗಿದ ಮೇಲೆ ಎಷ್ಟೋ ಮನೆಗಳಲ್ಲಿ ಮಾತು ಹೊರಬಂತು. ಕೆಲವರು ಆಸ್ಪತ್ರೆಯ ಹಾಸಿಗೆಯಲ್ಲಿ, ಸಾಯುವ ಮುನ್ನ ಹೇಳಿದರು. 1991ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ, ಅಡಗಿ ಬದುಕಿದ ಮಕ್ಕಳ ಮೊದಲ ಅಂತರರಾಷ್ಟ್ರೀಯ ಸಮಾವೇಶ ನಡೆಯಿತು. ಸುಮಾರು 1,600 ಜನ ಬಂದಿದ್ದರು. ಎಲ್ಲರೂ ಅಷ್ಟರಲ್ಲಿ ನಡುವಯಸ್ಸು ದಾಟಿದವರು.

ದಾಖಲೆ ಹುಡುಕಲು ಮುಖ್ಯವಾಗಿ ಎರಡು ಕಡೆ ಇವೆ. ಜರ್ಮನಿಯ ಬಾಡ್ ಆರೋಲ್ಸನ್ ಎಂಬ ಊರಿನ ದಾಖಲಾಗಾರದಲ್ಲಿ ನಾಜಿಗಳ ಕೈಗೆ ಸಿಕ್ಕಿದ ಸುಮಾರು 1.75 ಕೋಟಿ ಜನರ ಉಲ್ಲೇಖ ಇದೆ. ಶಿಬಿರದ ಪಟ್ಟಿಗಳು, ರೈಲಿನ ಪಟ್ಟಿಗಳು, ಕೂಲಿಯ ಕಾರ್ಡುಗಳು. ಬಹುಪಾಲು ಈಗ ಅಂತರ್ಜಾಲದಲ್ಲಿ ಸಿಗುತ್ತದೆ. ಇನ್ನೊಂದು ಜೆರುಸಲೇಮಿನ ಹಾಲೋಕಾಸ್ಟ್ ಸ್ಮಾರಕ ಯಾದ್ ವಾಶೆಮ್. ಅಲ್ಲಿ ಸತ್ತ ಪ್ರತಿಯೊಬ್ಬರಿಗೂ ಒಂದು ಹಾಳೆ ತುಂಬಿಸುತ್ತಾರೆ: ಹೆಸರು, ಊರು, ತಂದೆ ತಾಯಿ, ಕಸುಬು, ಸಿಕ್ಕಿದರೆ ಫೋಟೊ. 48 ಲಕ್ಷಕ್ಕೂ ಜಾಸ್ತಿ ಹೆಸರು ಅಲ್ಲಿ ಸೇರಿವೆ.

ಡಿಎನ್‌ಎ ಪರೀಕ್ಷೆಯೂ ಬಂದಿದೆ. ಪೂರ್ವ ಯುರೋಪಿನ ಯಹೂದಿಗಳು ಶತಮಾನಗಳ ಕಾಲ ತಮ್ಮೊಳಗೇ ಮದುವೆಯಾದವರು. ಹಾಗಾಗಿ ಅವರ ಡಿಎನ್‌ಎಯಲ್ಲಿ ಒಬ್ಬರಿಗೊಬ್ಬರು ಹೋಲುವ ಭಾಗಗಳು ಹೆಚ್ಚು. ಎಂಜಲಿನ ಒಂದು ಮಾದರಿಯಿಂದ ಮೂಲದ ಸುಳಿವು ಸಿಗುತ್ತದೆ, ಕೆಲವೊಮ್ಮೆ ದೂರದ ಸಂಬಂಧಿಯೂ ಸಿಗುತ್ತಾರೆ. ಆದರೆ ಸತ್ತ ತಾಯಿಯ ಹೆಸರನ್ನು ಡಿಎನ್‌ಎ ಹೇಳಲಾರದು. ಅದಕ್ಕೆ ಯಾರಾದರೂ ಬರೆದಿಟ್ಟಿರಬೇಕು, ಇಲ್ಲವೇ ನೆನಪಿಟ್ಟಿರಬೇಕು.

ಅಮೆರಿಕದ ವಿದೇಶಾಂಗ ಸಚಿವೆ ಆಗಿದ್ದ ಮ್ಯಾಡಲೀನ್ ಆಲ್‌ಬ್ರೈಟ್‌ಗೆ ತಮ್ಮ ಅಜ್ಜಿ ತಾತಂದಿರಲ್ಲಿ ಮೂವರು ಹಾಲೋಕಾಸ್ಟ್‌ನಲ್ಲಿ ಸತ್ತರು ಅಂತ ತಿಳಿದಾಗ 59 ವರ್ಷ. ಚೆಕ್ ರಾಜಧಾನಿ ಪ್ರಾಗ್‌ನ ಪಿಂಕಾಸ್ ಪ್ರಾರ್ಥನಾ ಮಂದಿರದ ಗೋಡೆಯ ಮೇಲೆ ಸತ್ತವರ ಹೆಸರು ಬರೆದಿದ್ದಾರೆ. 1997ರ ಜುಲೈಯಲ್ಲಿ ಅವರು ಅಲ್ಲಿ ನಿಂತು ತಂದೆಯ ತಂದೆ ತಾಯಿಯ ಹೆಸರು ಹುಡುಕಿದರು. ಅದೇ ಗೋಡೆಯ ಮುಂದೆ ಹಿಂದೊಮ್ಮೆ ನಿಂತಿದ್ದರೂ ಆಗ ಹುಡುಕಲು ಅವರಿಗೆ ಕಾರಣ ಇರಲಿಲ್ಲ.

ಡಾರ್ಜಿಲಿಂಗ್‌ನ ಬಾಟಾ ಅಂಗಡಿ

ಕೊನೆಗೆ ನಮ್ಮ ದೇಶದಲ್ಲಿ ಬೆಳೆದ ಒಂದು ಮಗುವಿನ ಕತೆ. ಬಾಟಾ ನಮ್ಮದೇ ಕಂಪನಿ ಅಂತ ನಮ್ಮಲ್ಲಿ ಬಹಳ ಜನ ಅಂದುಕೊಂಡಿದ್ದಾರೆ. ಶಾಲೆಯ ಕಪ್ಪು ಶೂ ಅಂದರೆ ಬಾಟಾ ತಾನೇ. ಅದು 1894ರಲ್ಲಿ ಶುರುವಾಗಿದ್ದು ಈಗಿನ ಚೆಕ್ ದೇಶದ ಜ್ಲಿನ್ ಊರಿನಲ್ಲಿ. ಆ ಕಂಪನಿಯ ಆಸ್ಪತ್ರೆಯಲ್ಲಿ ಓಯ್ಗೆನ್ ಸ್ಟ್ರೌಸ್ಲರ್ ಎಂಬ ಡಾಕ್ಟರು ಇದ್ದರು. 1939ರ ಮಾರ್ಚ್‌ನಲ್ಲಿ ಜರ್ಮನ್ ಸೇನೆ ಒಳನುಗ್ಗಿತು. ಕಂಪನಿ ತನ್ನ ಯಹೂದಿ ನೌಕರರನ್ನು ಬೇರೆ ದೇಶದ ಶಾಖೆಗಳಿಗೆ ಕಳಿಸತೊಡಗಿತು. ಡಾಕ್ಟರು ಹೆಂಡತಿ ಮತ್ತು ಇಬ್ಬರು ಗಂಡುಮಕ್ಕಳ ಜೊತೆ ಸಿಂಗಪುರಕ್ಕೆ ಹೋದರು. ಚಿಕ್ಕವನು ತೊಮಾಶ್‌ಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ.

1942ರಲ್ಲಿ ಜಪಾನಿ ಸೇನೆ ಸಿಂಗಪುರಕ್ಕೆ ಬಂತು. ತಾಯಿ ಮಕ್ಕಳು ಹಡಗು ಹತ್ತಿ ಭಾರತಕ್ಕೆ ಬಂದರು. ತಂದೆ ಅಲ್ಲಿಂದ ಬದುಕಿ ಬರಲಿಲ್ಲ. ತಾಯಿ ಡಾರ್ಜಿಲಿಂಗ್‌ನ ಬಾಟಾ ಅಂಗಡಿ ನೋಡಿಕೊಂಡರು. ಮಕ್ಕಳು ಅಲ್ಲಿನ ಶಾಲೆಗೆ ಹೋದರು. 1945ರಲ್ಲಿ ತಾಯಿ ಒಬ್ಬ ಬ್ರಿಟಿಷ್ ಸೇನಾಧಿಕಾರಿಯನ್ನು ಮದುವೆಯಾಗಿ ಮರುವರ್ಷ ಇಂಗ್ಲೆಂಡಿಗೆ ಹೋದರು. ತೊಮಾಶ್ ಸ್ಟ್ರೌಸ್ಲರ್ ಅಲ್ಲಿ ಟಾಮ್ ಸ್ಟಾಪರ್ಡ್ ಆದ. ಮುಂದೆ ಇಂಗ್ಲಿಷಿನ ದೊಡ್ಡ ನಾಟಕಕಾರ ಎನಿಸಿಕೊಂಡರು. ತಾಯಿ ಹಿಂದಿನ ಮಾತು ಎತ್ತುತ್ತಿರಲಿಲ್ಲ. ಏನೋ ಸ್ವಲ್ಪ ಯಹೂದಿ ನಂಟು ಇರಬೇಕು ಅನ್ನುವಷ್ಟೇ ಮಗನಿಗೆ ಗೊತ್ತಿದ್ದದ್ದು.

1993ರಲ್ಲಿ ತಾಯಿಯ ಕಡೆಯ ಸಂಬಂಧಿಯೊಬ್ಬರು ಲಂಡನ್ನಿಗೆ ಬಂದರು. ಊಟದ ಮೇಜಿನ ಮೇಲೆ ಹಾಳೆಯನ್ನು ಅಡ್ಡ ಇಟ್ಟು ವಂಶವೃಕ್ಷ ಬರೆದು ತೋರಿಸಿದರು. ನಾಲ್ವರು ಅಜ್ಜಿ ತಾತಂದಿರೂ ಯಹೂದಿಗಳು. ನಾಲ್ವರೂ ನಾಜಿಗಳ ಕೈಯಲ್ಲಿ ಸತ್ತವರು. ತಾಯಿಯ ಸೋದರಿಯರಲ್ಲಿ ಮೂವರು ಕೂಡ. ಆಗ ಸ್ಟಾಪರ್ಡ್‌ಗೆ 56ರ ಆಸುಪಾಸು.

ಕೆಲವು ವರ್ಷದ ನಂತರ ಅವರು ಚೆಕ್ ದೇಶಕ್ಕೆ ಹೋದಾಗ ವಯಸ್ಸಾದ ಒಬ್ಬ ಮಹಿಳೆ ಸಿಕ್ಕಿದರು. ಹುಡುಗಿಯಾಗಿದ್ದಾಗ ಗಾಜು ಒಡೆದು ಅವರ ಕೈ ಕೊಯ್ದಿತ್ತಂತೆ. ಹೊಲಿಗೆ ಹಾಕಿದವರು ಡಾಕ್ಟರ್ ಸ್ಟ್ರೌಸ್ಲರ್. ಅವರು ಕೈ ಮುಂದೆ ಚಾಚಿದರು. ತಂದೆಯ ಯಾವ ವಸ್ತುವೂ ಮಗನ ಬಳಿ ಇರಲಿಲ್ಲ. ಸ್ಟಾಪರ್ಡ್ ಆ ಗಾಯದ ಗುರುತನ್ನು ಮುಟ್ಟಿ ನೋಡಿದರು.